ನಮ್ಮ ಕಿರ್ದಿ, ಅವರ ಕಿರ್ದಿ: ತೆರಿಗೆ ನೋಟಿಸು ಬಂದಾಗ

ರಾಯಚೂರಿನ ಗಂಜಿನಲ್ಲಿ, ಅಂದರೆ ಕೃಷಿ ಮಾರುಕಟ್ಟೆಯಲ್ಲಿ, ವ್ಯಾಪಾರಿಗಳ ಮುಂದೆ ಆಡಿದ ಮಾತಿನ ಬರಹ ರೂಪ ಇದು. ದಲಾಲಿ ಅಂಗಡಿಯವರು, ಹತ್ತಿ ಮಿಲ್ಲಿನವರು, ಕಿರಾಣಿಯವರು ಇದ್ದರು. ಬಳ್ಳಾರಿಯಿಂದ ಜೀನ್ಸ್ ಹೊಲಿಸುವವರು, ಲಾರಿ ಮಾಲೀಕರು ಬಂದಿದ್ದರು. ಕೊಪ್ಪಳ ಕಡೆಯ ನಾಲ್ಕಾರು ರೈತರೂ ಇದ್ದರು. ಮೈಕಿನ ಮುಂದೆ ಅವಸರದಲ್ಲಿ ಹೇಳಿದ್ದನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ.

ಎಲ್ಲರಿಗೂ ನಮಸ್ಕಾರ. ನಾನು ತೆರಿಗೆ ಲೆಕ್ಕ ನೋಡುವ ಈ ಕೆಲಸಕ್ಕೆ ಬಂದಾಗ ಗಂಜಿನ ಗುಮಾಸ್ತರು ಕೆಂಪು ಬಟ್ಟೆ ರಟ್ಟಿನ ಪುಸ್ತಕದಲ್ಲಿ ಕಿರ್ದಿ ಬರೆಯುತ್ತಿದ್ದರು. ದೀಪಾವಳಿಗೆ ಹೊಸ ಪುಸ್ತಕ ಬರುತ್ತಿತ್ತು. ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಪೂಜೆ ಮಾಡಿ, ಮೊದಲ ಪುಟದಲ್ಲಿ ದೇವರ ಹೆಸರು ಬರೆದು ಶುರು ಮಾಡುತ್ತಿದ್ದರು. ನಿಮ್ಮ ವ್ಯಾಪಾರದ ಲೆಕ್ಕ ಅಂದರೆ ಆಗ ಆ ಒಂದೇ ಪುಸ್ತಕ. ಅದು ಸಾಹುಕಾರರ ಗಲ್ಲೆಯ ಪಕ್ಕದಲ್ಲೇ ಇರುತ್ತಿತ್ತು.

ಈಗ ನಿಮ್ಮ ಹೆಸರಿನಲ್ಲಿ ಇನ್ನೊಂದು ಕಿರ್ದಿ ಇದೆ. ಅದನ್ನು ಬರೆಯುವವರು ನೀವಲ್ಲ. ಸೇವಿಂಗ್ಸ್ ಖಾತೆಗೆ ವರ್ಷದಲ್ಲಿ 10 ಲಕ್ಷ ನಗದು ಕಟ್ಟಿದರೆ ಬ್ಯಾಂಕು ಬರೆಯುತ್ತದೆ. ಕರೆಂಟ್ ಖಾತೆಯಾದರೆ 50 ಲಕ್ಷಕ್ಕೆ ಬರೆಯುತ್ತದೆ. ದೊಡ್ಡ ಮೊತ್ತದ ಜಾಗ ಕೊಂಡರೂ ಮಾರಿದರೂ ಸಬ್ ರಿಜಿಸ್ಟ್ರಾರ್ ಆಫೀಸು ಬರೆಯುತ್ತದೆ. ಹಣ ಕೊಡುವಾಗಲೇ ತೆರಿಗೆ ಮುರಿದುಕೊಂಡವರು, ಅಂದರೆ ಟಿಡಿಎಸ್ ಹಿಡಿದವರು ಬರೆಯುತ್ತಾರೆ. ಇದೆಲ್ಲ ಆದಾಯ ತೆರಿಗೆಯ ಎಐಎಸ್, ಅಂದರೆ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ ಬಂದು ಕೂರುತ್ತದೆ. ಜಿಎಸ್‌ಟಿಯಲ್ಲಿ ನಿಮಗೆ ಮಾಲು ಕೊಟ್ಟವರು ಹಾಕಿದ ಬಿಲ್ಲುಗಳು 2ಬಿ ಪಟ್ಟಿಯಲ್ಲಿ ಕೂರುತ್ತವೆ. ನೀವು ನೋಡಿದರೂ ಅವು ಇರುತ್ತವೆ, ನೋಡದಿದ್ದರೂ ಇರುತ್ತವೆ.

ನನ್ನ ಟೇಬಲ್ಲಿಗೆ ಬರುವ ಹತ್ತು ನೋಟಿಸುಗಳಲ್ಲಿ ಏಳೆಂಟರ ಒಳಗಿನ ಮಾತು ಒಂದೇ. ನಿಮ್ಮ ಕಿರ್ದಿಗೂ ಈ ಕಿರ್ದಿಗೂ ತಾಳೆ ಆಗುತ್ತಿಲ್ಲ, ಯಾಕೆ ಹೇಳಿ. ಇಷ್ಟೇ. ಭಾಷೆ ಗಡುಸಾಗಿರುತ್ತದೆ, ಸೆಕ್ಷನ್ನುಗಳು ತುಂಬಿರುತ್ತವೆ, ಕೊನೆಗೆ ದಂಡದ ಮಾತೂ ಇರುತ್ತದೆ. ಜನ ಅದನ್ನು ನೋಡಿ ಹೆದರುತ್ತಾರೆ, ಮಡಚಿ ದೇವರ ಫೋಟೋ ಹಿಂದೆ ಇಡುತ್ತಾರೆ. ಅಲ್ಲಿಂದ ತೊಂದರೆ ಶುರು.

ಮೊದಲು ಗಂಜಿನದೇ ಒಂದು ಕಥೆ ಹೇಳುತ್ತೇನೆ. ಒಬ್ಬ ದಲಾಲಿ ಅಂಗಡಿಯವರು ಬಂದರು. ಬೀಜದ ಕಂಪನಿಯ ಖಾಲಿ ಚೀಲದಲ್ಲಿ ಮೂರು ವರ್ಷದ ತಕ್‌ಪಟ್ಟಿಗಳನ್ನು, ಅಂದರೆ ರೈತನ ಮಾಲಿನ ತೂಕ, ದರ ಬರೆದ ಚೀಟಿಗಳನ್ನು, ತುಂಬಿಕೊಂಡು ತಂದಿದ್ದರು. ಟೇಬಲ್ ಮೇಲೆ ಸುರಿದರೆ ಪಟ್ಟಿಯ ಜೊತೆ ಹತ್ತಿ ಎಳೆಯೂ ಉದುರಿತು. “ಸರ, ಎರಡು ಕೋಟಿ ವ್ಯಾಪಾರ ಮಾಡೀಯಂತ, ಟ್ಯಾಕ್ಸ್ ಎಲ್ಲಿ ಅಂತ ಕೇಳ್ಯಾರ್ರಿ. ನಾ ಎಲ್ಲಿ ಎರಡು ಕೋಟಿ ನೋಡೀನ್ರಿ?” ಅಂದರು. ಅವರು ಹೇಳಿದ್ದು ನಿಜ. ಬ್ಯಾಂಕು ಹೇಳಿದ್ದೂ ನಿಜ. ರೈತನ ಹತ್ತಿ ಇವರ ಅಂಗಡಿಗೆ ಬರುತ್ತದೆ. ಮಿಲ್ಲಿನವರು ಟೆಂಡರ್ ಹಾಕಿ ಕೊಳ್ಳುತ್ತಾರೆ. ಮಿಲ್ಲಿನ ಹಣ ಇವರ ಖಾತೆಗೆ ಬೀಳುತ್ತದೆ, ಇವರು ರೈತನಿಗೆ ಕೊಡುತ್ತಾರೆ. ಲೆಕ್ಕಕ್ಕೆ ದಲಾಲಿ ನೂರಕ್ಕೆ ಎರಡು ಅಂತ ಇಟ್ಟುಕೊಳ್ಳಿ. ಖಾತೆಯಲ್ಲಿ ಓಡಾಡಿದ್ದು 2 ಕೋಟಿ, ಇವರಿಗೆ ದಕ್ಕಿದ್ದು 4 ಲಕ್ಷ.

ಇದಕ್ಕೆ ಕಾನೂನಿನಲ್ಲಿ ಉತ್ತರ ಇದೆ, ಅದೂ ಬಹಳ ಹಳೆಯದು. 1986ರ ಮಾರ್ಚ್ 17ರಂದು ನೇರ ತೆರಿಗೆಗಳ ಕೇಂದ್ರ ಮಂಡಳಿ 452ನೇ ಸುತ್ತೋಲೆ ಹೊರಡಿಸಿತು. ಕಚ್ಚಾ ಅಡತ್, ಅಂದರೆ ಬೇರೆಯವರ ಮಾಲನ್ನು ದಲಾಲಿಗೆ ಮಾರಿಕೊಡುವವರು. ಅವರಿಗೆ ಕಮಿಷನ್ ಮಾತ್ರ ವಹಿವಾಟು. ರೈತನ ಪರವಾಗಿ ಮಾರಿದ ಮಾಲಿನ ಬೆಲೆ ಅವರ ವಹಿವಾಟಲ್ಲ. ಪಕ್ಕಾ ಅಡತ್ ಅಂದರೆ ಮಾಲನ್ನು ತಾನೇ ಕೊಂಡು, ಲಾಭ ನಷ್ಟ ತನ್ನದು ಅಂತ ಮಾರುವವರು. ಅವರಿಗೆ ಪೂರ್ತಿ ಮಾರಾಟವೇ ವಹಿವಾಟು. ಹಾಗಾದರೆ ನೀವು ಯಾವ ಗುಂಪಿನವರು ಅಂತ ತೋರಿಸುವುದು ಯಾವುದು? ಆ ಹತ್ತಿ ಎಳೆ ಅಂಟಿದ ತಕ್‌ಪಟ್ಟಿಯೇ. ಅದರಲ್ಲಿ ರೈತನ ಹೆಸರು, ಊರು, ತೂಕ, ದರ, ಕೊಟ್ಟ ಹಣ ಎಲ್ಲ ಇದೆ. ಮಾಲು ನಿಮ್ಮದಲ್ಲ ಅಂತ ಅದೇ ಹೇಳುತ್ತದೆ.

ನಮ್ಮ ಸಾಹುಕಾರರು ಇದರಲ್ಲಿ ಒಂದು ತಪ್ಪು ಮಾಡಿಟ್ಟಿದ್ದರು. ಯಾರೋ ರಿಟರ್ನ್ ಹಾಕುವವರು ಸುಲಭ ಅಂತ ಆದಾಯ ತೆರಿಗೆಯ 44ಎಡಿ ಸೆಕ್ಷನ್ನಿನಲ್ಲಿ ಹಾಕಿದ್ದರು. 44ಎಡಿ ಅಂದರೆ ಪುಸ್ತಕ ಬೇಡ, ವಹಿವಾಟಿನ ನೂರಕ್ಕೆ 8 ಲಾಭ ಅಂತ ತೋರಿಸಿ, ಬ್ಯಾಂಕಿನ ಮೂಲಕ ಬಂದದ್ದಕ್ಕೆ 6 ಸಾಕು ಅನ್ನುವ ವ್ಯವಸ್ಥೆ. ಕಿರಾಣಿ ಅಂಗಡಿಗೆ ಅದು ಬಹಳ ಚೆನ್ನಾಗಿದೆ. ಆದರೆ ಕಮಿಷನ್, ದಲಾಲಿ ವ್ಯವಹಾರಕ್ಕೆ ಅದು ಅನ್ವಯಿಸುವುದೇ ಇಲ್ಲ. ಸೆಕ್ಷನ್ನಿನಲ್ಲೇ ಬರೆದಿದೆ. ಇವರು 44ಎಡಿಯಲ್ಲಿ ಹಾಕಿ, ತಾವು ಮಾಲು ಕೊಂಡು ಮಾರುವ ವ್ಯಾಪಾರಿ ಅಂತ ತಾವೇ ಒಪ್ಪಿಕೊಂಡಂತೆ ಆಗಿತ್ತು. ಅಧಿಕಾರಿಯನ್ನು ಬೈದು ಏನು ಪ್ರಯೋಜನ? ಗಂಜಿನಲ್ಲಿ ಇವತ್ತಿಗೂ ಹೀಗೆ ಹಾಕಿಸಿಕೊಂಡವರು ಬಹಳ ಮಂದಿ ಇದ್ದೀರಿ. ಮನೆಗೆ ಹೋಗಿ ರಿಟರ್ನ್ ತೆಗೆದು ನೋಡಿ.

ಆ ಪಟ್ಟಿಗಳನ್ನು ತಾಳೆ ಮಾಡಲು ನನ್ನ ಹುಡುಗರಿಗೆ ಹನ್ನೊಂದು ದಿನ ಹಿಡಿಯಿತು. ಕಾರ್ಬನ್ ಪ್ರತಿಯ ನೀಲಿ ಅಕ್ಷರ ಅರ್ಧ ಅಳಿಸಿಹೋಗಿತ್ತು. ಟ್ಯೂಬ್‌ಲೈಟ್ ಕೆಳಗೆ ಓರೆ ಹಿಡಿದು ಓದಿದೆವು. ತಿಂಗಳಿಗೊಮ್ಮೆ ಎಲ್ಲ ಪಟ್ಟಿಗಳ ಫೋಟೋ ತೆಗೆದು ಇಟ್ಟಿದ್ದರೆ ಆ ಹನ್ನೊಂದು ದಿನದ ಫೀಸು ಅವರಿಗೆ ಉಳಿಯುತ್ತಿತ್ತು. ನನಗೆ ನಷ್ಟ ಆಗುತ್ತಿತ್ತು, ಅದು ಬೇರೆ ಮಾತು.

ಉತ್ತರ ಬರೆಯುವಾಗ ಇನ್ನೊಂದು ಸಂಗತಿ ನೆನಪಿಡಬೇಕು. 2020ರಿಂದ ಆದಾಯ ತೆರಿಗೆಯ ಬಹುಪಾಲು ಪರಿಶೀಲನೆ ಫೇಸ್‌ಲೆಸ್ ಆಗಿದೆ. ನಿಮ್ಮ ಕೇಸು ನೋಡುವವರು ರಾಯಚೂರಿನಲ್ಲಿ ಇರುವುದಿಲ್ಲ. ಗುವಾಹಟಿಯಲ್ಲಿ ಇರಬಹುದು, ಜೈಪುರದಲ್ಲಿ ಇರಬಹುದು. ಗಂಜು ಅಂದರೆ ಏನು, ತಕ್‌ಪಟ್ಟಿ ಅಂದರೆ ಏನು, ಹಮಾಲಿ ಯಾಕೆ ಕಡಿಯುತ್ತೀರಿ, ಅವರಿಗೆ ಹೇಗೆ ಗೊತ್ತಾಗಬೇಕು? ಹಿಂದೆ ಸಾಹೇಬರು ಸಂಜೆ ಗಂಜಿನ ಹೋಟೆಲಿನಲ್ಲೇ ಚಹಾ ಕುಡಿಯುತ್ತಿದ್ದರು, ಎಲ್ಲ ಕಣ್ಣಾರೆ ಕಂಡಿರುತ್ತಿದ್ದರು. ಈಗ ಉತ್ತರದ ಮೊದಲ ಪುಟದಲ್ಲಿ ನಿಮ್ಮ ಕಸುಬು ಏನು ಅಂತ, ಹೊಸಬರಿಗೆ ಹೇಳುವ ಹಾಗೆ, ಹತ್ತು ಸಾಲಿನಲ್ಲಿ ಬರೆಯಿರಿ. ಆಮೇಲೆ ಒಂದು ಕೋಷ್ಟಕ: ಇವರು ಕೇಳಿದ ಮೊತ್ತ ಇಷ್ಟು, ಅದರಲ್ಲಿ ರೈತರಿಗೆ ಕೊಟ್ಟದ್ದು ಇಷ್ಟು, ಸಾಲ ವಾಪಸ್ ಬಂದದ್ದು ಇಷ್ಟು, ನನ್ನ ದಲಾಲಿ ಇಷ್ಟು. ಕೆಳಗೆ ಕೂಡಿದರೆ ಅವರ ಮೊತ್ತವೇ ಬರಬೇಕು. ಒಂದು ರೂಪಾಯಿ ಬಿಡಬೇಡಿ. “ನಾನು ಬಡವ, ಸಣ್ಣ ವ್ಯಾಪಾರಿ, ಕನಿಕರ ತೋರಿಸಿ” ಅಂತ ಎರಡು ಪುಟ ಬರೆದುಕೊಂಡು ಬರುತ್ತಾರೆ. ಅದನ್ನು ನಾನು ಹರಿದು ಹಾಕುತ್ತೇನೆ. ಕನಿಕರಕ್ಕೆ ಆ ಫಾರ್ಮಿನಲ್ಲಿ ಕಾಲಂ ಇಲ್ಲ.

ನಗದಿನ ಬಗ್ಗೆ ಒಬ್ಬರು ಚೀಟಿ ಕಳಿಸಿ ಕೇಳಿದರು. ದಿನಕ್ಕೆ ಒಬ್ಬರಿಗೆ 10,000 ರೂಪಾಯಿ ಮೇಲೆ ನಗದು ಕೊಟ್ಟರೆ ಆ ಖರ್ಚು ಒಪ್ಪುವುದಿಲ್ಲ ಅಂತ ನಿಯಮ. ಲಾರಿ ಬಾಡಿಗೆಗೆ 35,000. ಆದರೆ ಬೆಳೆ ಬೆಳೆದ ರೈತನಿಗೇ ಆ ಬೆಳೆಗೆ ಕೊಟ್ಟ ಹಣಕ್ಕೆ ಈ ಮಿತಿ ಇಲ್ಲ. ಊರಲ್ಲಿ ಹತ್ತು ರೈತರಿಂದ ಕೂಡಿಸಿ ತರುವ ಮಧ್ಯದ ವ್ಯಾಪಾರಿಗೆ ಕೊಟ್ಟರೆ ವಿನಾಯಿತಿ ಇಲ್ಲ. ಮತ್ತೆ ಒಂದು ಎಚ್ಚರಿಕೆ. ಒಂದೇ ದಿನ ಒಬ್ಬರಿಂದ 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಳ್ಳುವ ಹಾಗಿಲ್ಲ. ಅದರ ದಂಡ ಬೀಳುವುದು ತೆಗೆದುಕೊಂಡವರ ಮೇಲೆ, ಎಷ್ಟು ತೆಗೆದುಕೊಂಡರೋ ಅಷ್ಟೇ ದಂಡ. ಅಂದರೆ ನೀವು ಉಪಕಾರ ಅಂತ ಮೂರು ಲಕ್ಷ ನಗದು ಎಣಿಸಿ ಕೊಟ್ಟರೆ ಸಿಕ್ಕಿಹಾಕಿಕೊಳ್ಳುವವನು ರೈತ.

ಹತ್ತಿ ಮಿಲ್ಲಿನವರಿಗೆ ಎರಡೇ ಮಾತು. ರೈತನಿಂದ ಕೊಂಡ ಹತ್ತಿಗೆ 2017ರ ನವೆಂಬರ್ 15ರಿಂದ ರಿವರ್ಸ್ ಚಾರ್ಜ್ ಇದೆ. ಮಾರಿದ ರೈತನಿಗೆ ಜಿಎಸ್‌ಟಿ ಇಲ್ಲ, ಕೊಂಡ ನೀವು ನೂರಕ್ಕೆ 5 ಕಟ್ಟಬೇಕು, ಅದೂ ಪೋರ್ಟಲ್ಲಿನ ನಗದು ಲೆಡ್ಜರಿನಿಂದ. ಕಟ್ಟಿದ್ದನ್ನು ಕ್ರೆಡಿಟ್ ಆಗಿ, ಅಂದರೆ ನಿಮ್ಮ ಮಾರಾಟದ ತೆರಿಗೆಯಲ್ಲಿ ಕಳೆದುಕೊಂಡು, ವಾಪಸ್ ತಗೋಬಹುದು. “ಈ ಕೈಲಿ ಕಟ್ಟಿ ಆ ಕೈಲಿ ತಗೊಳ್ಳೋದು, ಸುಮ್ನೆ ಯಾಕೆ?” ಅಂತ ಬಿಟ್ಟವರಿಗೆ ನೂರಕ್ಕೆ 18ರ ಬಡ್ಡಿ ಲೆಕ್ಕ ಹಾಕಿ ನೋಟಿಸು ಬಂದಿದೆ.

ಇನ್ನು 2025ರ ಜುಲೈನ ಗಲಾಟೆಗೆ ಬರೋಣ. ನಿಮಗೆಲ್ಲ ನೆನಪಿದೆ. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ತರಿಸಿಕೊಂಡು ಸಣ್ಣ ಅಂಗಡಿಗಳಿಗೆ ನೋಟಿಸು ಕಳಿಸಿತು. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ ನಾಲ್ಕು ವರ್ಷದಲ್ಲಿ 1.63 ಕೋಟಿ ವಹಿವಾಟು, 29 ಲಕ್ಷ ಕಟ್ಟು ಅಂತ ಬಂದದ್ದು ಪೇಪರಿನಲ್ಲೆಲ್ಲ ಬಂತು. ಅಂಗಡಿಗಳು ಕ್ಯೂಆರ್ ಕೋಡ್ ಕಿತ್ತು ಹಾಕಿ “ನಗದು ಮಾತ್ರ” ಅಂತ ಬೋರ್ಡು ಹಾಕಿದವು. ಕೊನೆಗೆ ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಜೊತೆ ಸಭೆ ಮಾಡಿ, ಹಳೆ ಬಾಕಿ ವಸೂಲು ಮಾಡುವುದಿಲ್ಲ, ಆದರೆ ಕಡ್ಡಾಯ ಇರುವವರು ಜಿಎಸ್‌ಟಿ ನೋಂದಣಿ ಮಾಡಿಸಿಕೊಳ್ಳಬೇಕು ಅಂದರು. ಜನ ಮೊದಲ ಅರ್ಧ ಕೇಳಿಸಿಕೊಂಡು ಮನೆಗೆ ಹೋದರು. ಎರಡನೆಯ ಅರ್ಧ ಹಾಗೇ ಇದೆ.

ನಿಯಮ ಹೀಗಿದೆ. ಮಾಲು ಮಾತ್ರ ಮಾರುವವರಿಗೆ ವರ್ಷಕ್ಕೆ 40 ಲಕ್ಷ ದಾಟಿದರೆ ನೋಂದಣಿ. ದಿನಕ್ಕೆ ಭಾಗಿಸಿದರೆ ಹತ್ತಿರ ಹತ್ತಿರ 11,000 ರೂಪಾಯಿ. ಸೇವೆ ಆದರೆ 20 ಲಕ್ಷ, ದಿನಕ್ಕೆ 5,500. ಹೋಟೆಲು, ಖಾನಾವಳಿ ಸೇವೆಯ ಲೆಕ್ಕಕ್ಕೆ ಬರುತ್ತವೆ. ಒಗ್ಗರಣೆ ಮಿರ್ಚಿ ಮಾಡುವವರೇ, ಬಸ್ ಸ್ಟ್ಯಾಂಡಿನ ಹತ್ತಿರ ಅಂಗಡಿ ಇದ್ದರೆ 5,500 ಏನು ದೊಡ್ಡ ಮಾತಲ್ಲ, ಅಲ್ವಾ?

ಬರೀ ತರಕಾರಿ, ಬರೀ ಹಾಲು ಮಾರುವವರಿಗೆ ಎಷ್ಟೇ ಮಾರಿದರೂ ನೋಂದಣಿ ಬೇಡ. ಅವಕ್ಕೆ ತೆರಿಗೆಯೇ ಇಲ್ಲ. ಹಾವೇರಿಯವರ ವಿಷಯದಲ್ಲಿ ಜನ ಸಿಟ್ಟಾಗಿದ್ದು ಅದಕ್ಕೇ. ಆದರೆ ಇಲ್ಲೊಂದು ಸಣ್ಣ ಮುಳ್ಳು ಇದೆ. ಹಾಲಿನ ಅಂಗಡಿಯಲ್ಲಿ ಹಾಲಿನ ಜೊತೆ ಬಿಸ್ಕತ್ತು, ಸೋಪು, ಶಾಂಪೂ ಸರ ನೇತು ಹಾಕಿರುತ್ತೀರಿ. ಆಗ ನೀವು ಬರೀ ಹಾಲಿನವರಲ್ಲ. 40 ಲಕ್ಷ ದಾಟಿತಾ ಅಂತ ನೋಡುವಾಗ ಹಾಲಿನ ವಹಿವಾಟನ್ನೂ ಕೂಡಿಸುತ್ತಾರೆ. ತೆರಿಗೆ ಮಾತ್ರ ಬಿಸ್ಕತ್ತು ಸೋಪಿಗೇ. 38 ಲಕ್ಷದ ಹಾಲು, 3 ಲಕ್ಷದ ಸೋಪು ಮಾರಿದವರು ನೋಂದಣಿಗೆ ಬರುತ್ತಾರೆ. ಇದು ನ್ಯಾಯವಾ ಅಂತ ನನ್ನನ್ನು ಕೇಳಬೇಡಿ. ನನಗೂ ಸರಿ ಅನ್ನಿಸಿಲ್ಲ. ಕಾಯ್ದೆಯಲ್ಲಿ ಹಾಗಿದೆ.

ನೋಂದಣಿ ಆದರೆ ಪ್ರಪಂಚ ಮುಳುಗುವುದಿಲ್ಲ. 1.5 ಕೋಟಿವರೆಗೆ ಕಾಂಪೊಸಿಷನ್ ಇದೆ, ಅಂದರೆ ವಹಿವಾಟಿನ ಮೇಲೆ ಸಣ್ಣ ದರದಲ್ಲಿ ತೆರಿಗೆ ಕಟ್ಟಿ ಮುಗಿಸುವ ವ್ಯವಸ್ಥೆ. ವ್ಯಾಪಾರಿಗೆ ನೂರಕ್ಕೆ 1, ಹೋಟೆಲಿಗೆ 5. ಗಿರಾಕಿಯಿಂದ ತೆರಿಗೆ ಎತ್ತುವ ಹಾಗಿಲ್ಲ, ಕ್ರೆಡಿಟ್ ಸಿಗುವುದಿಲ್ಲ, ಬೇರೆ ರಾಜ್ಯಕ್ಕೆ ಮಾರುವ ಹಾಗಿಲ್ಲ. ಕರ್ನೂಲು, ಆದೋನಿಗೆ ಮಾಲು ಕಳಿಸುವ ರಾಯಚೂರಿನವರು ಈ ಕೊನೆಯ ಮಾತು ಕಿವಿಗೆ ಹಾಕಿಕೊಳ್ಳಿ. ನಮಗೆ ಅದು ಪಕ್ಕದ ಊರು, ಕಾಯ್ದೆಗೆ ಬೇರೆ ರಾಜ್ಯ.

ಯುಪಿಐ ನೋಟಿಸಿಗೆ ಉತ್ತರ ಕೊಡುವುದು ಹೇಗೆ? ಮತ್ತೆ ಅದೇ, ಎರಡು ಕಿರ್ದಿ. ಫೋನಿಗೆ ಬಂದದ್ದೆಲ್ಲ ವ್ಯಾಪಾರ ಅಂತ ಅವರು ಬರೆದಿದ್ದಾರೆ. ನಿಮ್ಮ ಖಾತೆಗೆ ಬೆಂಗಳೂರಿನಿಂದ ಮಗ ಕಳಿಸಿದ ಹಣ ಇದೆ, ಚೀಟಿ ಎತ್ತಿದ್ದು ಇದೆ, ಭಾವಮೈದುನ ಸಾಲ ವಾಪಸ್ ಕೊಟ್ಟದ್ದು ಇದೆ. ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು ಪ್ರತಿ ಸಾಲಿನ ಮುಂದೆ ಪೆನ್ನಿನಲ್ಲಿ ಬರೆಯಿರಿ. ನಾಲ್ಕು ವರ್ಷದ ಹಿಂದಿನ 350 ರೂಪಾಯಿ ಯಾರು ಹಾಕಿದರು ಅಂತ ನೆನಪಿರುವುದಿಲ್ಲ, ನಿಜ. ಅದಕ್ಕೇ ಅಂಗಡಿಗೆ ಒಂದು ಖಾತೆ, ಮನೆಗೆ ಒಂದು ಖಾತೆ ಮಾಡಿ. ಇವತ್ತು ಮಾಡಿದರೆ ಹತ್ತು ನಿಮಿಷದ ಕೆಲಸ.

ಬಳ್ಳಾರಿಯವರದ್ದು ಬೇರೆ ರಗಳೆ. ಜೀನ್ಸ್ ಕಸುಬಿನಲ್ಲಿ ಬಟ್ಟೆ ಹೊರರಾಜ್ಯದಿಂದ ಉದ್ರಿ ಬರುತ್ತದೆ. ಕಟಿಂಗ್ ಒಂದು ಕಡೆ, ಹೊಲಿಗೆ ಇನ್ನೊಂದು ಕಡೆ, ವಾಷಿಂಗ್ ಮತ್ತೊಂದು ಕಡೆ. ಬಟ್ಟೆ ಕೊಟ್ಟವರು ತಮ್ಮ ರಿಟರ್ನಿನಲ್ಲಿ ನಿಮ್ಮ ಬಿಲ್ಲು ತೋರಿಸದಿದ್ದರೆ ಅದು 2ಬಿಯಲ್ಲಿ ಬರುವುದಿಲ್ಲ, ನಿಮಗೆ ಕ್ರೆಡಿಟ್ ಇಲ್ಲ. ನೀವು ದುಡ್ಡು ಕೊಟ್ಟಿರುತ್ತೀರಿ, ತೆರಿಗೆ ಅವರು ನುಂಗಿರುತ್ತಾರೆ, ನೋಟಿಸು ನಿಮಗೆ. ಇದಕ್ಕಿಂತ ಅನ್ಯಾಯದ ನಿಯಮ ಇಡೀ ಜಿಎಸ್‌ಟಿಯಲ್ಲಿ ಇಲ್ಲ ಅಂತ ನನ್ನ ಅಭಿಪ್ರಾಯ. ಕೋರ್ಟುಗಳಲ್ಲಿ ವಾದ ನಡೆಯುತ್ತಲೇ ಇದೆ. ಅಲ್ಲಿವರೆಗೆ ಒಂದೇ ಉಪಾಯ. ಪ್ರತಿ ತಿಂಗಳು 14 ದಾಟಿದ ಮೇಲೆ 2ಬಿ ತೆಗೆದು ನೋಡಿ, ಬಿಲ್ಲು ಬಂದಿಲ್ಲದವರಿಗೆ ತೆರಿಗೆ ಭಾಗದ ಹಣ ತಡೆಹಿಡಿಯಿರಿ. ಅವರಿಗೆ ಫೋನು ಮಾಡುವುದು ಬೇಡ, ಅವರೇ ಮಾಡುತ್ತಾರೆ.

ಹಾಗಂತ ಪೂರ್ತಿ ಬಾಕಿ ಇಟ್ಟುಕೊಂಡೇ ಇರಬೇಡಿ. ಬಿಲ್ಲಿನ ತಾರೀಖಿನಿಂದ 180 ದಿನದೊಳಗೆ ಹಣ ಕೊಡದಿದ್ದರೆ ತಗೊಂಡ ಕ್ರೆಡಿಟ್ ಬಡ್ಡಿ ಸಮೇತ ವಾಪಸ್ ಕಟ್ಟಬೇಕು. ಬಳ್ಳಾರಿಯಲ್ಲಿ ಆರು ತಿಂಗಳ ಉದ್ರಿ ಅಂದರೆ ಉದ್ರಿಯೇ ಅಲ್ಲ, ಗೊತ್ತು. ಆಮೇಲೆ ಹಣ ಕೊಟ್ಟಾಗ ಕ್ರೆಡಿಟ್ ಮತ್ತೆ ತಗೋಬಹುದು.

ಹಿಂದಿನ ಸಾಲಿನಲ್ಲಿದ್ದ ಒಬ್ಬ ಅಕ್ಕ ಎದ್ದು ಕೇಳಿದರು: “ಸರ, ನಮ್ಮನ್ಯಾಗ ಎಂಟು ಮಿಷಿನ್ ಅದಾವ್ರಿ. ಸಾಹುಕಾರ್ರು ಬಟ್ಟಿ ಕೊಡ್ತಾರ, ನಾವು ಹೊಲದು ಕೊಡ್ತೀವಿ. ನನಗೂ ಜಿಎಸ್‌ಟಿ ಬೇಕೇನ್ರಿ?” ಬಹಳ ಒಳ್ಳೆಯ ಪ್ರಶ್ನೆ. ಬಟ್ಟೆ ನಿಮ್ಮದಲ್ಲ. ನಿಮ್ಮ ವಹಿವಾಟು ಅಂದರೆ ಹೊಲಿಗೆ ಕೂಲಿ ಮಾತ್ರ. ಅದು ವರ್ಷಕ್ಕೆ 20 ಲಕ್ಷ ದಾಟದಿದ್ದರೆ ಬೇಡ ಅಕ್ಕಾ. ಆದರೆ ಸಾಹುಕಾರರು ಬಟ್ಟೆ ಕಳಿಸುವಾಗ ಚಲನ್ ಕಳಿಸಲಿ, ಅದರ ಒಂದು ಪ್ರತಿ ನೀವು ಇಟ್ಟುಕೊಳ್ಳಿ. ಮಾಲು ಒಂದು ವರ್ಷದೊಳಗೆ ವಾಪಸ್ ಹೋದದ್ದಕ್ಕೂ ಗುರುತು ಇರಲಿ. ಇಲ್ಲದಿದ್ದರೆ ಅವರು ನಿಮಗೆ ಬಟ್ಟೆ ಮಾರಿದರು ಅಂತ ಲೆಕ್ಕ ಆಗಿಬಿಡುತ್ತದೆ.

ಲಾರಿಯವರು ಸುಮ್ಮನೆ ಕೂತಿದ್ದರು. ಅವರ ಲೆಕ್ಕ ಸುಲಭ ಅಂತ ಅವರಿಗೆ ಅನ್ನಿಸಿದೆ. ಹತ್ತು ಲಾರಿವರೆಗೆ 44ಎಡಿಯ ಹಾಗೆಯೇ 44ಎಇ ಅನ್ನುವ ವ್ಯವಸ್ಥೆ ಇದೆ. ದೊಡ್ಡ ಲಾರಿಗೆ ಒಟ್ಟು ತೂಕದ ಟನ್ನಿಗೆ ತಿಂಗಳಿಗೆ 1,000 ರೂಪಾಯಿ ಆದಾಯ ಅಂತ ಹಿಡಿಯುತ್ತಾರೆ. 28 ಟನ್ನಿನ ಲಾರಿಗೆ ವರ್ಷಕ್ಕೆ 3.36 ಲಕ್ಷ. ಲಾರಿ ಓಡಿದರೂ ಅಷ್ಟೇ, ಮನೆ ಮುಂದೆ ನಿಂತರೂ ಅಷ್ಟೇ. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿದಾಗ ಸಂಡೂರು, ತೋರಣಗಲ್ಲು ಕಡೆ ಸಾಲು ಸಾಲು ಲಾರಿ ನಿಂತವಲ್ಲ, ಟೈರಿನ ಗಾಳಿ ಹೋಗಿ ಗಿಡ ಬೆಳೆದಿದ್ದವು. ಕಾಗದದಲ್ಲಿ ಮಾತ್ರ ಅವು ತಿಂಗಳು ತಿಂಗಳು ಗಳಿಸುತ್ತಲೇ ಇದ್ದವು. ಗಳಿಕೆ ಕಡಿಮೆ ಅಂತ ತೋರಿಸಬೇಕಾದರೆ ಪುಸ್ತಕ ಬರೆಯಬೇಕು, ಆಡಿಟ್ ಮಾಡಿಸಬೇಕು. ಡೀಸೆಲ್ ಚೀಟಿ ಇಟ್ಟವರಿಗೆ ಆಗ ದಾರಿ ಇತ್ತು, ಇಡದವರಿಗೆ ಇರಲಿಲ್ಲ.

ಕೊಪ್ಪಳದ ರೈತರ ವಿಷಯ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಹೊಲ ಮಾರಿದವರು, ಆ ಹಣ ಬ್ಯಾಂಕಿಗೆ ಹಾಕಿದವರು, ಜನ್ಮದಲ್ಲಿ ರಿಟರ್ನ್ ಹಾಕದವರು. ಮೂರು ವರ್ಷದ ಮೇಲೆ 148ಎ ನೋಟಿಸು ಬರುತ್ತದೆ: ಇಷ್ಟು ಹಣ ಬಂದಿದೆ, ಆದಾಯ ತೋರಿಸಿಲ್ಲ, ಕೇಸು ಯಾಕೆ ತೆರೆಯಬಾರದು? ಇದಕ್ಕೆ ಉತ್ತರ ಕೊಡುವುದು ಬಹಳ ಮುಖ್ಯ, ಯಾಕೆಂದರೆ ಕೇಸು ತೆರೆಯುವ ಮೊದಲು ಮುಚ್ಚಿಸುವ ಅವಕಾಶ ಇದೊಂದೇ.

ಹಳ್ಳಿಯ ಕೃಷಿ ಜಮೀನು ಮಾರಿದರೆ ಬಂಡವಾಳ ಲಾಭದ ತೆರಿಗೆ ಇಲ್ಲ. ಹಳ್ಳಿ ಅಂದರೆ ಯಾವುದು? ಪಟ್ಟಣದ ಗಡಿಯಿಂದ ನೇರ ಅಳತೆ. ಜನಸಂಖ್ಯೆ 10 ಸಾವಿರದ ಮೇಲೆ 1 ಲಕ್ಷದವರೆಗಿನ ಊರಾದರೆ 2 ಕಿಲೋಮೀಟರ್ ಆಚೆ. 1 ಲಕ್ಷದಿಂದ 10 ಲಕ್ಷದವರೆಗೆ 6 ಕಿಲೋಮೀಟರ್. ಅದಕ್ಕೂ ದೊಡ್ಡದಾದರೆ 8. ಕೊಪ್ಪಳ 2011ರ ಜನಗಣತಿಯಲ್ಲಿ 1 ಲಕ್ಷದ ಒಳಗೆ, ಹಾಗಾಗಿ 2. ಬಳ್ಳಾರಿ, ರಾಯಚೂರಿಗೆ 6. ರಸ್ತೆಯ ದೂರ ಅಲ್ಲ, ಕಾಗೆ ಹಾರಿದ ದೂರ. ಒಬ್ಬ ಯಜಮಾನರು ಬಸ್ ಟಿಕೆಟ್ ತಂದು “ಏಳು ಕಿಲೋಮೀಟರ್ ಐತ್ರಿ, ಕಂಡಕ್ಟರನೇ ಕೊಟ್ಟಾನ” ಅಂದರು. ಅದು ನಡೆಯುವುದಿಲ್ಲ. ತಹಶೀಲ್ದಾರ್ ಕಚೇರಿಯಿಂದ ದೂರದ ಪತ್ರ ಬೇಕು. ಜೊತೆಗೆ ಆ ವರ್ಷಗಳ ಪಹಣಿ. ಪಹಣಿಯಲ್ಲಿ ಬೆಳೆಯ ಕಾಲಂ ನೋಡಿಕೊಳ್ಳಿ. ನೀವು ಭತ್ತ ಬೆಳೆದಿರುತ್ತೀರಿ, ಅದರಲ್ಲಿ ಬೀಳು ಅಂತ ಬರೆದಿರುತ್ತದೆ. ಅದೂ ಬೇರೆಯವರು ಬರೆದ ಕಿರ್ದಿಯೇ.

ಈಗ ತಾರೀಖುಗಳು. ಬೇಸರ ಆದರೂ ಕೇಳಿ, ಏಕೆಂದರೆ ನಾನು ನೋಡಿದ ಸೋಲುಗಳಲ್ಲಿ ಜಾಸ್ತಿ ಪಾಲು ತಾರೀಖು ತಪ್ಪಿ ಆದದ್ದು. ಜಿಎಸ್‌ಟಿ ರಿಟರ್ನಿನಲ್ಲಿ ವ್ಯತ್ಯಾಸ ಕಂಡರೆ ಮೊದಲು ಎಎಸ್‌ಎಂಟಿ-10 ಅನ್ನುವ ನೋಟಿಸು ಬರುತ್ತದೆ, ಉತ್ತರಕ್ಕೆ 30 ದಿನ. ಅದಕ್ಕೆ ಒಪ್ಪುವ ಉತ್ತರ ಕೊಟ್ಟರೆ ಅಲ್ಲೇ ಮುಗಿಯಿತು. ಇಲ್ಲದಿದ್ದರೆ ಡಿಆರ್‌ಸಿ-01, ಅಂದರೆ ಕಾರಣ ಕೇಳುವ ಷೋಕಾಸ್ ನೋಟಿಸು. ಅದಕ್ಕೆ ಡಿಆರ್‌ಸಿ-06ರಲ್ಲಿ ಉತ್ತರ. ಆ ಫಾರ್ಮಿನಲ್ಲಿ ಖುದ್ದು ವಿಚಾರಣೆ ಬೇಕಾ ಅಂತ ಒಂದು ಪುಟ್ಟ ಪ್ರಶ್ನೆ ಇದೆ. ಅರ್ಧ ಜನ “ನೋ” ಒತ್ತುತ್ತಾರೆ, ಆಫೀಸಿಗೆ ಅಲೆಯುವುದು ತಪ್ಪಲಿ ಅಂತ. ಯಾವತ್ತೂ “ಯೆಸ್” ಒತ್ತಿ. ಎದುರು ಕೂತು ಹತ್ತು ನಿಮಿಷ ಪುಸ್ತಕ ತೋರಿಸಿದರೆ ಬಗೆಹರಿಯುವ ಸಂಗತಿ ಎಷ್ಟೋ ಇರುತ್ತವೆ. ರಾಜ್ಯದ ಜಿಎಸ್‌ಟಿ ಅಧಿಕಾರಿಗೆ ನಾನು ಕನ್ನಡದಲ್ಲೇ ಬರೆಯುತ್ತೇನೆ. ಇಲ್ಲಿವರೆಗೆ ಯಾರೂ ಬೇಡ ಅಂದಿಲ್ಲ.

ತಪ್ಪು ನಿಮ್ಮದೇ ಅಂತ ಗೊತ್ತಾದರೆ ಜಗಳ ಮಾಡಬೇಡಿ. ಮೋಸದ ಆರೋಪ ಇಲ್ಲದ ಕೇಸಿನಲ್ಲಿ ಷೋಕಾಸ್ ಬಂದು 30 ದಿನದೊಳಗೆ ತೆರಿಗೆ, ಬಡ್ಡಿ ಕಟ್ಟಿದರೆ ದಂಡ ಇಲ್ಲ. 2024-25ರಿಂದ ಮುಂದಿನ ವರ್ಷಗಳಿಗೆ ಅದು 60 ದಿನ. ಕಟ್ಟುವುದು ಡಿಆರ್‌ಸಿ-03ರಲ್ಲಿ.

ಆದೇಶ ನಿಮ್ಮ ವಿರುದ್ಧ ಬಂದರೆ ಜಿಎಸ್‌ಟಿಯಲ್ಲಿ ಮೇಲ್ಮನವಿಗೆ 3 ತಿಂಗಳು. ಕಾರಣ ಕೊಟ್ಟರೆ ಇನ್ನೊಂದು ತಿಂಗಳು. ಅದು ದಾಟಿದರೆ ಅಪೀಲು ಅಧಿಕಾರಿಗೆ ಮನಸ್ಸಿದ್ದರೂ ತೆಗೆದುಕೊಳ್ಳಲು ಬರುವುದಿಲ್ಲ. ವಿವಾದದ ತೆರಿಗೆಯ ನೂರಕ್ಕೆ 10 ಮೊದಲೇ ಕಟ್ಟಬೇಕು. ಕಟ್ಟಿದರೆ ಉಳಿದದ್ದರ ವಸೂಲಿ ತಾನಾಗಿಯೇ ನಿಲ್ಲುತ್ತದೆ. ಅದರ ಮೇಲಿನ ಟ್ರಿಬ್ಯೂನಲ್ ಇಲ್ಲದೆಯೇ ಎಂಟು ವರ್ಷ ಕಳೆಯಿತು. 2025ರ ಸೆಪ್ಟೆಂಬರ್ 24ಕ್ಕೆ ಅದಕ್ಕೆ ಚಾಲನೆ ಸಿಕ್ಕಿದೆ. ಹೈಕೋರ್ಟು ಅಂದರೆ ರಾಯಚೂರಿನವರಿಗೆ ಕಲಬುರಗಿ ಪೀಠ, ಬಳ್ಳಾರಿ ಕೊಪ್ಪಳದವರಿಗೆ ಧಾರವಾಡ. ಆದಾಯ ತೆರಿಗೆಯಲ್ಲಿ ಮೇಲ್ಮನವಿಗೆ 30 ದಿನ ಮಾತ್ರ. ಫೀಸು 250ರಿಂದ 1,000 ರೂಪಾಯಿ. ಬರೀ ಟಿಡಿಎಸ್ ಸೇರಿಲ್ಲ, ಕೂಡಿಸುವಾಗ ತಪ್ಪಾಗಿದೆ ಅನ್ನುವಂಥದ್ದಕ್ಕೆ ಅಪೀಲು ಬೇಡ, 154ರ ತಿದ್ದುಪಡಿ ಅರ್ಜಿ ಸಾಕು. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ, ಸೆಕ್ಷನ್ ನಂಬರುಗಳೆಲ್ಲ ಬೇರೆ. ನಾನು ಹಳೆಯ ನಂಬರೇ ಹೇಳಿದ್ದೇನೆ. ಹಳೆಯ ವರ್ಷಗಳ ಕೇಸು ಹಳೆಯ ಕಾಯ್ದೆಯಲ್ಲೇ ನಡೆಯುತ್ತವೆ.

ಇಷ್ಟೆಲ್ಲ ಬುದ್ಧಿ ಹೇಳುವ ನಾನು ಮಾಡಿದ ತಪ್ಪು ಕೇಳಿ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಎಲ್ಲರಿಗೂ ಅವಸರ. ಸಾಹುಕಾರರಿಗೆ ಒಟಿಪಿ ಅಂದರೆ ಕಿರಿಕಿರಿ. “ನಿಮ್ಮ ನಂಬರೇ ಹಾಕ್ರಿ” ಅಂದರು. ಹಾಕಿದೆ, ಹತ್ತಿರ ಹತ್ತಿರ ನಲವತ್ತು ಜನರಿಗೆ ನನ್ನದೇ ಫೋನು, ನನ್ನದೇ ಇಮೇಲು. ಅದರಲ್ಲಿ ಒಬ್ಬರು ಸಣ್ಣ ಹಾರ್ಡ್‌ವೇರ್ ಅಂಗಡಿಯವರು. ಅವರ ನೋಟಿಸು ನನ್ನ ಇಮೇಲಿಗೆ ಬಂತು, ಮುನ್ನೂರು ಮೇಲುಗಳ ನಡುವೆ ಮುಳುಗಿತು. ಷೋಕಾಸೂ ಬಂತು. ಅದು ಪೋರ್ಟಲ್ಲಿನಲ್ಲಿ “ಅಡಿಷನಲ್ ನೋಟಿಸಸ್” ಅನ್ನುವ ಬೇರೆ ಕೋಣೆಯಲ್ಲಿ ಕೂತಿತ್ತು, ನಾನು ಮಾಮೂಲಿ ಕೋಣೆ ಮಾತ್ರ ನೋಡುತ್ತಿದ್ದೆ. ಉತ್ತರ ಇಲ್ಲದೆ ಆದೇಶ ಆಯಿತು. ಅಂಗಡಿಯವರಿಗೆ ಗೊತ್ತಾದದ್ದು ಅವರ ಚೆಕ್ ವಾಪಸ್ ಬಂದಾಗ. ಬ್ಯಾಂಕಿನವರು ಖಾತೆಗೆ ತಡೆ ಇದೆ ಅಂದರು. ಅಪೀಲಿಗೆ ಇದ್ದ ನಾಲ್ಕು ತಿಂಗಳು ದಾಟಿ ಹನ್ನೆರಡು ದಿನ ಆಗಿತ್ತು. ವ್ಯತ್ಯಾಸ ಏನು ಗೊತ್ತೇನ್ರಿ? ವಾಪಸ್ ಕಳಿಸಿದ ಪೈಪಿನ ಒಂದು ಕ್ರೆಡಿಟ್ ನೋಟು. ಒಂದು ಪುಟದ ಉತ್ತರದಲ್ಲಿ ಮುಗಿಯುವಂಥದ್ದು. ಹೈಕೋರ್ಟಿಗೆ ಹೋಗುವ ಖರ್ಚು ತೆರಿಗೆಗಿಂತ ಜಾಸ್ತಿ. ಕಟ್ಟಿದೆವು. ಅರ್ಧ ನಾನು ಕೊಟ್ಟೆ. ಅವರು ಈಗಲೂ ನನ್ನ ಗಿರಾಕಿ, ಆದರೆ ಅವರ ಅಂಗಡಿ ಮುಂದೆ ಹೋಗುವಾಗ ನಾನು ಬೈಕು ಸ್ವಲ್ಪ ಜೋರಾಗಿಯೇ ಓಡಿಸುತ್ತೇನೆ.

ಒಬ್ಬರು ಕೊನೆಗೆ ನಗುತ್ತಾ ಕೇಳಿದರು, “ಸರ, ಸಾಹೇಬ್ರನ್ನ ಒಮ್ಮೆ ಭೇಟಿ ಆಗಿಬಿಟ್ಟರ ಇದೆಲ್ಲ ಬೇಕಾಗೂದಿಲ್ಲಲ್ರಿ?” ಎಲ್ಲರೂ ನಕ್ಕರು. ಆದಾಯ ತೆರಿಗೆಯಲ್ಲಿ ಸಾಹೇಬರು ಯಾವ ಊರಿನಲ್ಲಿದ್ದಾರೆ ಅಂತ ನನಗೇ ಗೊತ್ತಿಲ್ಲ, ನಿಮ್ಮನ್ನು ಎಲ್ಲಿಗೆ ಕರೆದುಕೊಂಡು ಹೋಗಲಿ? ಇನ್ನೊಂದು, “ನಾನು ಇಲಾಖೆಯಿಂದ” ಅಂತ ಫೋನು ಮಾಡಿ ದುಡ್ಡು ಕೇಳುವವರು ಈಗ ಬಹಳ ಇದ್ದಾರೆ. 2019ರ ಅಕ್ಟೋಬರ್‌ನಿಂದ ಆದಾಯ ತೆರಿಗೆಯ ಪತ್ರಗಳ ಮೇಲೆ ಡಿಐಎನ್ ಅನ್ನುವ ಗುರುತಿನ ನಂಬರು ಇರುತ್ತದೆ. ಪೋರ್ಟಲ್ಲಿನಲ್ಲಿ ಲಾಗಿನ್ ಇಲ್ಲದೆಯೇ ಅದು ನಿಜವಾ ಅಂತ ನೋಡಬಹುದು.

ಮಾತು ಮುಗಿದ ಮೇಲೆ ಚಹಾ ಬಂತು. ಯಾರೂ ಏಳಲಿಲ್ಲ. ಫೋನು ತೆಗೆದು ತಮ್ಮ ಜಿಎಸ್‌ಟಿ ನೋಂದಣಿಯಲ್ಲಿ ಯಾರ ನಂಬರು ಇದೆ ನೋಡಲು ಕೂತರು. ಹದಿನೇಳು ಜನ ನೋಡಿದರು. ಆರು ಜನರದ್ದು ತಮ್ಮದೇ ನಂಬರು. ಒಂಬತ್ತು ಜನರದ್ದು ರಿಟರ್ನ್ ಹಾಕುವವರದ್ದು, ಅದರಲ್ಲಿ ಎರಡು ನನ್ನವು. ಒಬ್ಬರಿಗೆ ಲಾಗಿನ್ ಪಾಸ್‌ವರ್ಡೇ ಗೊತ್ತಿರಲಿಲ್ಲ. ಅಂಥವರು ಆಧಾರ್, ಪ್ಯಾನ್ ಹಿಡಿದು ತಮ್ಮ ವ್ಯಾಪ್ತಿಯ ಅಧಿಕಾರಿಯ ಹತ್ತಿರ ಹೋಗಿ ನಂಬರು ಬದಲಾಯಿಸಿಕೊಳ್ಳಬೇಕು. ಇನ್ನೊಬ್ಬರದ್ದು ಅವರ ತೀರಿಹೋದ ಅಣ್ಣನ ನಂಬರು. ನನ್ನ ಎರಡನ್ನು ಅಲ್ಲೇ ಬದಲಾಯಿಸಿದೆ. ಒಟಿಪಿ ಬರಲು ಇಪ್ಪತ್ತು ನಿಮಿಷ ಹಿಡಿಯಿತು. ಗಂಜಿನಲ್ಲಿ ನೆಟ್‌ವರ್ಕ್ ಅಷ್ಟಕ್ಕಷ್ಟೇ.